ಟರ್ಬೋಸ್ಟ್ಯಾಟ್: ಲ್ಯಾಪ್‌ಟಾಪ್ ಯಾಕೆ ನಿಧಾನ ಅಂತ ಹೇಳುತ್ತದೆ, ಕರ್ನಲ್ ಅಪ್‌ಡೇಟ್ ಆಗುವವರೆಗೆ

ಬಳ್ಳಾರಿಯಲ್ಲಿ ಏಪ್ರಿಲ್ ತಿಂಗಳು ಲ್ಯಾಪ್‌ಟಾಪ್ ನಿಧಾನವಾಯಿತು ಅಂದರೆ ಯಾರನ್ನು ಕೇಳಿದರೂ ಒಂದೇ ಉತ್ತರ: ಬಿಸಿಲು. ಇರಬಹುದು. ಆದರೆ ಪ್ರೊಸೆಸರ್ ವೇಗ ಇಳಿಯೋಕೆ ಬಿಸಿ ಒಂದೇ ಕಾರಣ ಅಲ್ಲ. ಯಾವ ಕಾರಣ ಅಂತ ಬೇರ್ಪಡಿಸಿ ತೋರಿಸುವ ಒಂದು ಪುಟ್ಟ ಪ್ರೋಗ್ರಾಂ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ನ ಸೋರ್ಸ್ ಕೋಡ್ ಒಳಗೇ ಇದೆ. ಹೆಸರು ಟರ್ಬೋಸ್ಟ್ಯಾಟ್. ಇಂಟೆಲ್‌ನ ಲೆನ್ ಬ್ರೌನ್ ಬರೆದದ್ದು. ಕೆಲವು ವರ್ಷಗಳಿಂದ ಬಳಸುತ್ತಿದ್ದೇನೆ. ಇಷ್ಟವೂ ಇದೆ, ಸಿಟ್ಟೂ ಇದೆ.

ನನ್ನ ಕೆಲಸ ಏನು ಅಂತ ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಇಷ್ಟೆಲ್ಲ ಯಾಕೆ ಅನ್ನಿಸಬಹುದು. ಕಾಪಿರೈಟ್ ಮುಗಿದ ಹಳೆಯ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ, ಟೆಸರಾಕ್ಟ್ ಎಂಬ ಪ್ರೋಗ್ರಾಂನಲ್ಲಿ ಓಸಿಆರ್ ಮಾಡಿ (ಅಂದರೆ ಚಿತ್ರದಲ್ಲಿರುವ ಅಕ್ಷರಗಳನ್ನು ಪಠ್ಯವಾಗಿಸಿ), ತಪ್ಪು ತಿದ್ದುತ್ತೇನೆ. ಹವ್ಯಾಸ ಅಷ್ಟೇ, ದುಡ್ಡು ಬರುವುದಿಲ್ಲ. ಹಾಗಾಗಿ ಲ್ಯಾಪ್‌ಟಾಪ್ ಕೂಡ ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ತಂದ ಸೆಕೆಂಡ್ ಹ್ಯಾಂಡ್ ಮಾಲು. ಒಳಗಿರುವುದು ಇಂಟೆಲ್‌ನ ಐ5-8250ಯು ಪ್ರೊಸೆಸರ್. ಒಂದು ಪುಸ್ತಕ ಹಾಕಿದರೆ ಗಂಟೆಗಟ್ಟಲೆ ಅದರ ನಾಲ್ಕೂ ಕೋರ್ (ಲೆಕ್ಕ ಮಾಡುವ ಘಟಕ) ದುಡಿಯುತ್ತವೆ. ಫೇಸ್‌ಬುಕ್ ನೋಡುವುದಕ್ಕೆ ಇದೇ ಮಷೀನ್ ಸಾಕಷ್ಟು ಫಾಸ್ಟ್. ಓಸಿಆರ್‌ಗೆ ಕೂತಾಗಲೇ ಬಂಡವಾಳ ಬಯಲಾಗುವುದು.

ಬೆಳಿಗ್ಗೆ ಕಾಫಿ ಲೋಟ ಪಕ್ಕಕ್ಕಿಟ್ಟು ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ಕಿಟಕಿ) ತೆರೆಯುತ್ತೇನೆ. ಸುಮ್ನೆ ಟರ್ಬೋಸ್ಟ್ಯಾಟ್ ಅಂತ ಹೊಡೆದರೆ ಮೊದಲು ಪರದೆ ತುಂಬ ಏನೇನೋ ಸುರಿಯುತ್ತದೆ. ಅದು ಬೇಡ ಅನ್ನುವವರು ಕ್ವಯಟ್ ಆಯ್ಕೆ ಕೊಡಬೇಕು. ಶೋ ಆಯ್ಕೆ ಕೊಟ್ಟು ಬೇಕಾದ ಕಾಲಂ ಮಾತ್ರ ಉಳಿಸಿಕೊಳ್ಳಬಹುದು. ನಾನು ಉಳಿಸಿಕೊಂಡಿರುವುದು ನಾಲ್ಕು: ಎಷ್ಟು ಶೇಕಡಾ ಬ್ಯುಸಿ, ಬ್ಯುಸಿ ಮೆಗಾಹರ್ಟ್ಸ್ (ಕೆಲಸ ಮಾಡುವಾಗಿನ ವೇಗ), ಟೆಂಪರೇಚರ್, ವ್ಯಾಟ್. ತಾನಾಗಿ ಬಿಟ್ಟರೆ 5 ಸೆಕೆಂಡಿಗೊಮ್ಮೆ ಸಾಲು ಬರುತ್ತದೆ, ನಾನು 2 ಮಾಡಿಕೊಂಡಿದ್ದೇನೆ. ಕಪ್ಪು ಪರದೆ ಮೇಲೆ ಅಂಕಿ ಇಳಿಯುತ್ತಾ ಹೋಗುತ್ತದೆ. ಮನೆಯವರಿಗೆ ಇದರಲ್ಲಿ ನೋಡುವುದೇನಿದೆ ಅಂತ ಇನ್ನೂ ಅರ್ಥವಾಗಿಲ್ಲ.

ನೋಡುವುದಿದೆ. ಬೇರೆ ಟೂಲ್‌ಗಳು ಸಾಮಾನ್ಯವಾಗಿ ಒಂದೇ ಮೆಗಾಹರ್ಟ್ಸ್ ಅಂಕಿ ಕೊಡುತ್ತವೆ. ಇದು ಎರಡು ಕೊಡುತ್ತದೆ: ಆವರೇಜ್ ಮತ್ತು ಬ್ಯುಸಿ. ಹೊಸಪೇಟೆಗೆ ಹೋಗುವ ಬಸ್ಸು ಓಡುವಾಗ 60ರಲ್ಲಿ ಓಡುತ್ತದೆ, ಸ್ಟಾಪ್‌ಗಳಲ್ಲಿ ನಿಂತದ್ದನ್ನೆಲ್ಲ ಸೇರಿಸಿದರೆ 35 ಬರುತ್ತದೆ ಅಲ್ವಾ, ಹಾಗೆ. ಲೆಕ್ಕ ಬರುವುದು ಪ್ರೊಸೆಸರ್ ಒಳಗಿನ ಎಪರ್ಫ್, ಎಂಪರ್ಫ್ ಎಂಬ ಎರಡು ಕೌಂಟರ್‌ಗಳಿಂದ. ಎಂಪರ್ಫ್ ಬದಲಾಗದ ಒಂದು ವೇಗದಲ್ಲಿ ಏರುತ್ತದೆ, ಎಪರ್ಫ್ ಆ ಹೊತ್ತಿನ ನಿಜವಾದ ವೇಗದಲ್ಲಿ ಏರುತ್ತದೆ. ಕೋರ್ ಮಲಗಿದರೆ ಎರಡೂ ನಿಲ್ಲುತ್ತವೆ. ಅದಕ್ಕೇ ಕೋರ್ ಎಚ್ಚರ ಇದ್ದಾಗ ಎಷ್ಟು ಓಡಿತು ಅನ್ನುವುದು ಸರಿಯಾಗಿ ಸಿಗುತ್ತದೆ.

ಇದರ ಬೆಲೆ ನನಗೆ ಗೊತ್ತಾದದ್ದು ಚಾರ್ಜರ್ ವಿಷಯದಲ್ಲಿ. ಹಳೆಯದು ಸುಟ್ಟುಹೋಗಿ, ಕಡಿಮೆಗೆ ಸಿಕ್ಕಿತು ಅಂತ ಡೂಪ್ಲಿಕೇಟ್ ಒಂದು ತಂದಿದ್ದೆ. ಅಂದಿನಿಂದ ಮಷೀನ್ ತೆವಳೋಕೆ ಶುರು. ಮೌಸ್ ಕೂಡ ತಡವರಿಸುತ್ತಿತ್ತು. ರಿಪೇರಿ ಅಂಗಡಿಯವರು ಮದರ್‌ಬೋರ್ಡ್ ಹೋಗಿದೆ ಅಂದರು. ಹೇಳಿದ ರೇಟಿಗೆ ಇನ್ನೊಂದು ಹಳೆಯ ಲ್ಯಾಪ್‌ಟಾಪೇ ಬರುತ್ತಿತ್ತು.

ಮನೆಗೆ ಬಂದು ಓಸಿಆರ್ ಓಡಿಸಿ ಟರ್ಬೋಸ್ಟ್ಯಾಟ್ ತೆರೆದೆ. ಬ್ಯುಸಿ ಹತ್ತಿರ ಹತ್ತಿರ ನೂರಕ್ಕೆ ನೂರು. ವೇಗ ಮಾತ್ರ 400 ಮೆಗಾಹರ್ಟ್ಸ್, ಅಂದರೆ ಈ ಚಿಪ್‌ನ ಕನಿಷ್ಠ. ಬಿಸಿ 50 ಡಿಗ್ರಿ ಕೂಡ ಇಲ್ಲ, ಹಾಗಾಗಿ ಬಿಸಿಲಿನ ಕಥೆ ಅಲ್ಲ. ವ್ಯಾಟ್ ಮೂರ್ನಾಲ್ಕು, ಚಿಪ್ ಸತತವಾಗಿ ದುಡಿಯುವಾಗಿನ ಮಿತಿ 15. ಹಾಗಾಗಿ ಪವರ್ ಲಿಮಿಟ್ ಕೂಡ ಅಲ್ಲ. ಉಳಿದದ್ದು ಒಂದೇ: ಪ್ರೊಸೆಸರ್‌ಗೆ "ನಿಧಾನ ಮಾಡು" ಅಂತ ಹೊರಗಿನಿಂದ ಬೋರ್ಡ್ ಹೇಳುತ್ತಿದೆ. ಪ್ರೋಕ್‌ಹಾಟ್ ಅಂತ ಒಂದು ಸಿಗ್ನಲ್ ಇದೆ. ಹೆಸರಿನ ಪ್ರಕಾರ ಅದು ಬಿಸಿಗೆ ಸಂಬಂಧಿಸಿದ್ದು. ಆದರೆ ಎರಡೂ ದಿಕ್ಕಿನಲ್ಲಿ ಕೆಲಸ ಮಾಡುವುದರಿಂದ ಬೋರ್ಡ್ ಕೂಡ ಅದನ್ನು ಕೊಡಬಹುದು. ಕೆಲವು ಲ್ಯಾಪ್‌ಟಾಪ್‌ಗಳು ಚಾರ್ಜರ್‌ನ ಗುರುತು ಸಿಗದಿದ್ದರೆ ವೇಗವನ್ನು ತಳಕ್ಕೆ ಇಳಿಸುತ್ತವೆ. ಚಾರ್ಜರ್ ಕಿತ್ತೆ. ಮುಂದಿನ ಸಾಲಿನಲ್ಲೇ ಮೂರು ಸಾವಿರ ದಾಟಿತು! ಮತ್ತೆ ಹಾಕಿದೆ, 400. ಒರಿಜಿನಲ್ ಚಾರ್ಜರ್ ತಂದ ಮೇಲೆ ಆ ಕಾಟ ಇಲ್ಲ.

ಬೇಸಿಗೆಯಲ್ಲೂ ಇದೇ ನಾಲ್ಕು ಕಾಲಂ ನೋಡಿ ಫ್ಯಾನ್ ಗದ್ದಲ ಕಡಿಮೆ ಮಾಡಿಕೊಂಡೆ. ಪುಸ್ತಕ ಶುರುವಾದ ಕೂಡಲೇ ವ್ಯಾಟ್ ಜಿಗಿಯುತ್ತದೆ, ಬಿಸಿ 90 ದಾಟುತ್ತದೆ. ಸ್ವಲ್ಪ ಹೊತ್ತಿಗೆ ವ್ಯಾಟ್ 15ಕ್ಕೆ ಬಂದು ಕೂರುತ್ತದೆ, ವೇಗ 2,400 ಆಸುಪಾಸು. ಆ ಮೊದಲ ಓಟದಿಂದ ಗಂಟೆಗಟ್ಟಲೆ ನಡೆಯುವ ಕೆಲಸಕ್ಕೆ ಏನೂ ಲಾಭ ಇಲ್ಲ. ಪ್ರೊಸೆಸರ್ ವೇಗ ನೋಡಿಕೊಳ್ಳುವ ಇಂಟೆಲ್ ಪಿಸ್ಟೇಟ್ ಡ್ರೈವರ್‌ನ ಫೋಲ್ಡರ್‌ನಲ್ಲಿ ಮ್ಯಾಕ್ಸ್ ಪರ್ಫ್ ಪಿಸಿಟಿ ಅಂತ ಒಂದು ಫೈಲ್ ಇದೆ. ಅದಕ್ಕೆ 60 ಬರೆದೆ. ಗರಿಷ್ಠ 3,400ರ ಶೇಕಡಾ 60 ಅಂದರೆ ಸುಮಾರು 2,000. ವ್ಯಾಟ್ ಹತ್ತು ಹನ್ನೊಂದಕ್ಕೆ ಇಳಿಯಿತು, ಬಿಸಿ 70ರ ಒಳಗೆ ಬಂತು. ಪುಸ್ತಕ ಮುಗಿಯಲು ಒಂಚೂರು ಜಾಸ್ತಿ ಹೊತ್ತು ಹಿಡಿಯುತ್ತದೆ, ಆದರೆ ಮಧ್ಯಾಹ್ನದ ನಿದ್ದೆ ಕೆಡುವುದಿಲ್ಲ. ಪುಟಗಳನ್ನು ಒಟ್ಟೊಟ್ಟಿಗೆ ಓಡಿಸುವವರು ಟೆಸರಾಕ್ಟ್‌ನ ಥ್ರೆಡ್ (ಒಟ್ಟಿಗೆ ನಡೆಯುವ ಕೆಲಸದ ಎಳೆ) ಲಿಮಿಟ್ 1 ಮಾಡಿಕೊಳ್ಳಿ. ಇಲ್ಲದಿದ್ದರೆ ಪ್ರತಿ ಪುಟವೂ ನಾಲ್ಕು ಥ್ರೆಡ್ ಎಬ್ಬಿಸಿ ಒಂದರ ಕಾಲು ಇನ್ನೊಂದು ತುಳಿಯುತ್ತವೆ.

ಇಲ್ಲಿಯವರೆಗೆ ಓದಿ ಇನ್‌ಸ್ಟಾಲ್ ಮಾಡಲು ಹೊರಟವರು ಸ್ವಲ್ಪ ತಡೆಯಿರಿ.

ನಾನು ಬಳಸುವ ಡಿಸ್ಟ್ರೋದಲ್ಲಿ (ಲಿನಕ್ಸ್‌ನ ಒಂದು ಸಿದ್ಧ ರೂಪ) ಟರ್ಬೋಸ್ಟ್ಯಾಟ್ ಅಂತ ಹೊಡೆದಾಗ ಓಡುವುದು ನಿಜವಾದ ಪ್ರೋಗ್ರಾಂ ಅಲ್ಲ, ಒಂದು ಚಿಕ್ಕ ಸ್ಕ್ರಿಪ್ಟ್. ಅದು ಈಗ ಓಡುತ್ತಿರುವ ಕರ್ನಲ್ ವರ್ಷನ್ ನೋಡಿ, ಅದೇ ವರ್ಷನ್‌ನ ಟೂಲ್ ಹುಡುಕುತ್ತದೆ. ಕರ್ನಲ್ ಅಪ್‌ಡೇಟ್ ಆಗಿ ಟೂಲ್ಸ್ ಪ್ಯಾಕೇಜ್ ಜೊತೆಗೆ ಬರದಿದ್ದರೆ "ಈ ಕರ್ನಲ್‌ಗೆ ಟರ್ಬೋಸ್ಟ್ಯಾಟ್ ಸಿಗಲಿಲ್ಲ" ಅಂತ ಎಚ್ಚರಿಕೆ ಕೊಟ್ಟು ಕೈಚೆಲ್ಲುತ್ತದೆ. ನಿನ್ನೆ ರಾತ್ರಿ ಓಡುತ್ತಿದ್ದದ್ದು ಬೆಳಿಗ್ಗೆ ಇಲ್ಲ. ಕಾಫಿ ಆರಿಹೋಗುತ್ತದೆ. ಇನ್ನೂ ತಮಾಷೆ ಅಂದರೆ ಹಳೆಯ ವರ್ಷನ್‌ನ ಪ್ರೋಗ್ರಾಂ ಡಿಸ್ಕ್‌ನಲ್ಲೇ ಇರುತ್ತದೆ. ಲಿನಕ್ಸ್-ಟೂಲ್ಸ್ ಫೋಲ್ಡರ್‌ಗೆ ಹೋಗಿ ಅದನ್ನು ನೇರವಾಗಿ ಕರೆದರೆ ಹೊಸ ಕರ್ನಲ್ ಮೇಲೂ ಚೆನ್ನಾಗಿಯೇ ಓಡುತ್ತದೆ! ಬಾಗಿಲಲ್ಲಿ ನಿಂತ ಆ ಸ್ಕ್ರಿಪ್ಟ್‌ಗೆ ಮಾತ್ರ ಹಟ. ಹೆಸರಿನಲ್ಲಿ ವರ್ಷನ್ ನಂಬರ್ ಇಲ್ಲದ ಜೆನೆರಿಕ್ ಪ್ಯಾಕೇಜ್ ಹಾಕಿದರೆ ಕರ್ನಲ್ ಜೊತೆ ಅದೂ ಅಪ್‌ಡೇಟ್ ಆಗುತ್ತದೆ. ಈ ಸಲಹೆಯನ್ನು ಆ ಎಚ್ಚರಿಕೆಯಲ್ಲೇ ಎಲ್ಲಕ್ಕಿಂತ ಮೇಲೆ ಹಾಕಬಾರದೇ?

ಪ್ರತಿ ಸಲ ರೂಟ್, ಅಂದರೆ ಪೂರ್ತಿ ಅಧಿಕಾರ, ಪಡೆಯಲು ಸುಡೋ ಪಾಸ್‌ವರ್ಡ್ ಕೊಡುವುದೂ ಕಿರಿಕಿರಿಯೇ, ಆದರೆ ಅದಕ್ಕೆ ಕಾರಣ ಇದೆ. 2020ರಲ್ಲಿ ಆಸ್ಟ್ರಿಯಾದ ಗ್ರಾಜ್ ತಾಂತ್ರಿಕ ವಿಶ್ವವಿದ್ಯಾಲಯದವರೂ ಸೇರಿ ಕೆಲವು ಸಂಶೋಧಕರು ಪ್ಲಾಟಿಪಸ್ ಎಂಬ ದಾಳಿ ತೋರಿಸಿದರು. ಪ್ರೊಸೆಸರ್ ಬಳಸುವ ಪವರ್‌ನ ಏರಿಳಿತ ನೋಡಿಯೇ ಗುಪ್ತ ಕೀಲಿಗಳನ್ನು ಕದಿಯಬಹುದಂತೆ. ಅದಾದ ಮೇಲೆ ಕರ್ನಲ್ ತನ್ನ ಎನರ್ಜಿ ಫೈಲ್ ಅನ್ನು ಸಾಮಾನ್ಯ ಬಳಕೆದಾರರಿಗೆ ಮುಚ್ಚಿತು. ಟರ್ಬೋಸ್ಟ್ಯಾಟ್ ಆ ಫೈಲ್ ನಂಬಿಕೊಂಡಿಲ್ಲ, ಚಿಪ್‌ನ ರಿಜಿಸ್ಟರ್‌ಗಳನ್ನೇ (ಅಂಕಿ ಇಡುವ ಪುಟ್ಟ ಜಾಗಗಳು) ಓದುತ್ತದೆ. ಅದಕ್ಕೆ ಮೊದಲಿನಿಂದಲೂ ರೂಟ್ ಬೇಕು. ಇದನ್ನು ದೂರುವುದಿಲ್ಲ.

ಸುಮ್ನೆ ಕುತೂಹಲಕ್ಕೆ ವೇಗ ನೋಡಬೇಕು ಅನ್ನುವವರಿಗೆ ಇದು ಬೇಡ. ಸಿಸ್ ಫೋಲ್ಡರ್‌ನ ಸಿಪಿಯುಫ್ರೆಕ್ ಒಳಗೆ ಸ್ಕೇಲಿಂಗ್ ಕರ್ ಫ್ರೆಕ್ ಎಂಬ ಫೈಲ್ ಇದೆ, ಕ್ಯಾಟ್ ಕಮಾಂಡ್‌ನಿಂದ ತೆರೆದರೆ ಕಿಲೋಹರ್ಟ್ಸ್‌ನಲ್ಲಿ ಅಂಕಿ ಬರುತ್ತದೆ. ಪಾಸ್‌ವರ್ಡ್ ಬೇಡ, ಇನ್‌ಸ್ಟಾಲ್ ಬೇಡ. ಎಷ್ಟೋ ಡ್ರೈವರ್‌ಗಳಲ್ಲಿ ಅದು ಕರ್ನಲ್ ಕೊನೆಗೆ ಕೇಳಿದ ವೇಗ, ಚಿಪ್ ಕೊಟ್ಟದ್ದಲ್ಲ ಅನ್ನುವುದು ನೆನಪಿರಲಿ. ಅಲ್ಲೇ ಪಕ್ಕದಲ್ಲಿ ವೇಗದ ನೀತಿ ಹೇಳುವ ಗವರ್ನರ್ ಫೈಲ್‌ನಲ್ಲಿ ಪವರ್‌ಸೇವ್ ಅಂತ ಕಂಡರೆ ಗಾಬರಿ ಬೇಡ. ಇಂಟೆಲ್ ಪಿಸ್ಟೇಟ್ ತಾನೇ ವೇಗ ನಿರ್ಧರಿಸುವ ಆಕ್ಟಿವ್ ಮೋಡ್‌ನಲ್ಲಿ ಇದ್ದರೆ, ಕೆಲಸ ಬಂದಾಗ ಪವರ್‌ಸೇವ್‌ನಲ್ಲೂ ವೇಗ ತುದಿಯವರೆಗೆ ಏರುತ್ತದೆ.

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಕಳೆದ ಆ ಒಂದು ಸ್ಟಾರ್ ಪೂರ್ತಿ ಸ್ಕ್ರಿಪ್ಟ್ ಲೆಕ್ಕಕ್ಕೆ. ಈಗಂತೂ ಕರ್ನಲ್ ಸೋರ್ಸ್ ಇಳಿಸಿ, ಟೂಲ್ಸ್ ಒಳಗೆ ಪವರ್, ಅದರೊಳಗೆ ಎಕ್ಸ್86, ಅದರೊಳಗೆ ಟರ್ಬೋಸ್ಟ್ಯಾಟ್ ಫೋಲ್ಡರ್‌ಗೆ ಹೋಗಿ ನಾನೇ ಮೇಕ್ (ಕಂಪೈಲ್) ಮಾಡಿಕೊಂಡಿದ್ದೇನೆ. ಆ ಪ್ರತಿ ನನ್ನ ಹೋಮ್ ಫೋಲ್ಡರ್‌ನಲ್ಲಿದೆ. ಕರ್ನಲ್ ಎಷ್ಟು ಸಲ ಬದಲಾದರೂ ಇದುವರೆಗೆ ತಕರಾರು ಮಾಡಿಲ್ಲ.