ಲ್ಯಾಬ್ ತರುದಾ, ಮುಧೋಳ ತರುದಾ: ಎರಡನ್ನೂ ಉಡುಪಿ ಮಳೆಯಲ್ಲಿ ಇಟ್ಕೊಂಡು ನೋಡಿದ ರಿವ್ಯೂ

ನಮ್ಮಲ್ಲಿ ನಾಯಿ ತರುವ ಮಾತು ಶುರುವಾಗಿ ಎರಡು ವರ್ಷ ಆಯ್ತು. ಇವರಿಗೆ ಮುಧೋಳವೇ ಆಗ್ಬೇಕು, ಮಗಳಿಗೆ ಲ್ಯಾಬ್ರಡಾರ್, ಅತ್ತೆಗೆ ಯಾವುದಾದ್ರೂ ಅಡ್ಡಿಲ್ಲ ಆದ್ರೆ ನನ್ನನ್ನು ಬೀಳಿಸ್ಬಾರ್ದು ಅಂತ ಒಂದೇ ಕಂಡೀಷನ್. ಹೋದ ವರ್ಷ ಜೂನಲ್ಲಿ ಅಣ್ಣನನ್ನು ಆಫೀಸಿಂದ ಎರಡು ತಿಂಗಳು ಪುಣೆಗೆ ಹಾಕಿದ್ರು, ಅವನ ಲ್ಯಾಬ್ ಬ್ರೂನೊ ನಮ್ಮಲ್ಲಿಗೆ ಬಂತು. ಅದು ಹೋಗಿ ವಾರ ಆಗ್ಲಿಲ್ಲ, ಇವರ ಬ್ಯಾಂಕಿನ ಫ್ರೆಂಡ್, ಬಾಗಲಕೋಟೆ ಕಡೆಯವರು, ಊರಿಗೆ ಹೋಗುವಾಗ ತಮ್ಮ ಮುಧೋಳ ಹೆಣ್ಣು ಚಿನ್ನಿಯನ್ನು ದೀಪಾವಳಿ ತನಕ ಬಿಟ್ಟು ಹೋದ್ರು. ಹಾಗಾಗಿ ಇದು ಯೂಟ್ಯೂಬ್ ನೋಡಿ ಬರೆದದ್ದಲ್ಲ, ಒರೆಸಿ, ತೊಳೆದು, ಹಿಂದೆ ಓಡಿ ಬರೆದದ್ದು.

ಮೊದಲು ಮನೆ ಹೇಗುಂಟು ಹೇಳ್ತೇನೆ, ಯಾಕಂದ್ರೆ ಎಲ್ಲ ಅದರ ಮೇಲೆಯೇ ಹೋಗುದು. ಉಡುಪಿಯಿಂದ ಚೂರು ಒಳಗೆ, ಹದಿನೈದು ಸೆಂಟ್ಸ್ ಜಾಗ, ಸುತ್ತ ನಾಲ್ಕಡಿ ಮುರಕಲ್ಲಿನ ಕಾಂಪೌಂಡ್, ಹಿಂದೆ ಪಕ್ಕದವರ ಅಡಿಕೆ ತೋಟ, ಅದರಲ್ಲಿ ಅವರ ಕೋಳಿ ಮತ್ತೆ ಈಗೀಗ ಎಲ್ಲಾ ಕಡೆ ಬರುವ ನವಿಲು. ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರ ತನಕ ಮನೆಯಲ್ಲಿ ಅತ್ತೆ ಒಬ್ರೇ, 67 ವರ್ಷ, ಮೊಣಕಾಲು ನೋವು.

ಬ್ರೂನೊ ನಾಲ್ಕು ವರ್ಷದ್ದು, 34 ಕೆಜಿ. ಬಂದ ದಿನವೇ ಅತ್ತೆ ತೆಂಗಿನಕಾಯಿ ತುರಿಯುವಲ್ಲಿ ಹೋಗಿ ಮಲಗಿತು, ಮತ್ತೆ ಅದೇ ಅದರ ಜಾಗ. ಲ್ಯಾಬ್ ಶಾಂತ ನಾಯಿ, ಮನೆಯೊಳಗೆ ಬಿದ್ಕೊಂಡಿರ್ತದೆ ಅಂತ ಹೇಳುವವರನ್ನು ನಂಬ್ಬೇಡಿ, ಇದು ಕೆಲಸದ ನಾಯಿ, ಇದರ ಹಿಂದಿನ ತಲೆಮಾರಿನವು ನ್ಯೂಫೌಂಡ್‌ಲ್ಯಾಂಡಿನ ಚಳಿ ಸಮುದ್ರದಲ್ಲಿ ಮೀನುಗಾರರ ಜೊತೆ ಬಲೆ ಎಳೀತಿದ್ದದ್ದು. ಬೆಳಿಗ್ಗೆ ಮುಕ್ಕಾಲು ಗಂಟೆ, ಸಂಜೆ ಅರ್ಧ ಗಂಟೆ ನಡೆಸ್ಲೇಬೇಕು. ಜುಲೈಯಲ್ಲಿ ಮೂರು ದಿನ ಬಿಡದೆ ಹೊಡೆದ ಮಳೆಗೆ ಹೊರಗೆ ಹೋಗ್ಲಿಕ್ಕೆ ಆಗ್ಲಿಲ್ಲ, ನಾಲ್ಕನೇ ದಿನ ಡೋರ್‌ಮ್ಯಾಟ್, ಮಗಳ ಶಾಲೆಯ ಶೂ, ಗಿಡಕ್ಕೆ ನೀರು ಬಿಡುವ ಪೈಪು ಮೂರೂ ಚೂರು ಚೂರು.

ಆದ್ರೆ ದೊಡ್ಡ ಕಷ್ಟ ಅದರ ಮೈ. ಎರಡು ಪದರದ ಕೂದಲು, ಮೇಲಿಂದ ಒರೆಸಿದ್ರೆ ಒಣಗಿದ ಹಾಗೆ ಕಾಣ್ತದೆ, ಬೆರಳು ಒಳಗೆ ಹಾಕಿ ನೋಡಿದ್ರೆ ಬುಡ ಹಸಿ ಹಸಿ. ನಮ್ಮ ಮಳೆಗಾಲದಲ್ಲಿ ಬಟ್ಟೆಯೇ ಮೂರು ದಿನಕ್ಕೆ ಒಣಗುದಿಲ್ಲ, ಇನ್ನು ಇದು. ಎರಡು ಬೈರಾಸು, ಮತ್ತೆ ಟೇಬಲ್ ಫ್ಯಾನ್ ಮುಂದೆ ಅರ್ಧ ಗಂಟೆ, ದಿನಾ. ಒಂದು ದಿನ ಉದಾಸೀನ ಮಾಡಿದ್ದಕ್ಕೆ ಕಿವಿಯ ಹಿಂದೆ ಕೂದಲು ಅಂಟಿಕೊಂಡು, ಬಿಡಿಸಿ ನೋಡಿದ್ರೆ ಐದು ರೂಪಾಯಿ ನಾಣ್ಯದಷ್ಟು ಕೆಂಪು ಗಾಯ, ನೀರು ಒಸರ್ತಿತ್ತು. ವೆಟ್ ಡಾಕ್ಟ್ರು ಸುತ್ತಲಿನ ಕೂದಲು ಬೋಳಿಸಿ ಮುಲಾಮು ಕೊಟ್ರು, ಹತ್ತು ದಿನ ಬೇಕಾಯ್ತು. ನನಗೆ ಇವತ್ತಿಗೂ ಬೇಜಾರುಂಟು ಆ ಒಂದು ದಿನಕ್ಕೆ. ಬೆರಳ ಸಂದಿಯಲ್ಲಿ ಉಣ್ಣಿ ಬೇರೆ, ಉಣ್ಣಿ ಜ್ವರ ನಮ್ಮಲ್ಲಿ ಸಾಧಾರಣ, ಮಾತ್ರೆ ತಪ್ಪಿಸ್ಬಾರ್ದು. ಇಲಿಜ್ವರದ ಲಸಿಕೆಯೂ ಮಳೆಗಾಲ ಹಿಡಿಯುವ ಮೊದಲೇ ಆಗಿರ್ಬೇಕು, ಇದು ಯಾವ ಜಾತಿ ನಾಯಿ ಆದ್ರೂ.

ಊಟದ ವಿಷಯ. ಬಂಗುಡೆ ಮಾಡಿದ ದಿನ ಕಸದ ಬಾಲ್ದಿಗೆ ಕಲ್ಲು ಇಡ್ಬೇಕು. ಇದನ್ನು ಬರೀ ಆಸೆಬುರುಕ ಅಂತ ಬೈಬೇಡಿ, 2016ರಲ್ಲಿ ಕೇಂಬ್ರಿಜಿನವರು ಕಂಡುಹಿಡಿದ್ರು, ಸುಮಾರು ನಾಲ್ಕು ಲ್ಯಾಬಲ್ಲಿ ಒಂದಕ್ಕೆ ಹಸಿವಿಗೆ ಸಂಬಂಧಪಟ್ಟ ಒಂದು ಜೀನ್‌ನ ಚೂರು ಇರುದೇ ಇಲ್ಲ, ಹಸಿವು ಜಾಸ್ತಿ ಅದಕ್ಕೆ. ಅಳೆದು ಹಾಕುದು ನಮ್ಮ ಜವಾಬ್ದಾರಿ. ಅತ್ತೆ ಗಂಜಿ ಜೊತೆ ಕದ್ದು ಕದ್ದು ಕೊಟ್ಟು ಎರಡು ತಿಂಗಳಲ್ಲಿ ಎರಡು ಕೆಜಿ ಜಾಸ್ತಿ ಆಗಿತ್ತು.

ಈಗ ಚಿನ್ನಿ. ಎಂತ ಚಂದ ಮಾರಾಯ್ರೆ, ಉದ್ದ ಕಾಲು, ಒಳಗೆ ಸೇರಿದ ಹೊಟ್ಟೆ, 22 ಕೆಜಿ, ನಡೆಯುವಾಗ ನೆಲ ಮುಟ್ಟುದೇ ಇಲ್ವೇನೋ ಅಂತ ಕಾಣುದು. ನಮ್ಮದೇ ರಾಜ್ಯದ ತಳಿ, 2005ರಲ್ಲಿ ಅಂಚೆಚೀಟಿಯಲ್ಲಿ ಬಂದದ್ದು, ಮಿಲಿಟರಿಯವರೂ ತಕೊಂಡು ಹೋಗಿ ತರಬೇತಿ ಕೊಟ್ಟದ್ದು. ಬಯಲುಸೀಮೆ ನಾಯಿ ನಮ್ಮ ಮಳೆಗೆ ಆಗ್ಲಿಕ್ಕಿಲ್ಲ ಅಂತ ಗ್ರಹಿಸಿದ್ದೆ, ಉಲ್ಟಾ ಆಯ್ತು. ಗಿಡ್ಡ ಕೂದಲು, ಹಳೆ ಲುಂಗಿಯಲ್ಲಿ ಐದು ನಿಮಿಷ ಒರೆಸಿದ್ರೆ ಮುಗೀತು, ವಾಸನೆ ಇಲ್ಲ, ಗಾಯ ಇಲ್ಲ. ಮೈಯಲ್ಲಿ ಕೊಬ್ಬು ಇಲ್ಲದ ಕಾರಣ ರಾತ್ರಿ ನಡುಗ್ತದೆ, ಗೋಣಿ ಮೇಲೆ ಬೆಡ್‌ಶೀಟ್ ಹಾಕಿ ಮೂಲೆಯಲ್ಲಿ ಮಲಗಿಸ್ಬೇಕು, ಅಷ್ಟೆ. ಪಡುಕರೆ ಬೀಚಿಗೆ ಬೆಳಿಗ್ಗೆ ಜನ ಇಲ್ಲದ ಹೊತ್ತಿಗೆ ಕರ್ಕೊಂಡು ಹೋಗಿ, ಉದ್ದ ಹಗ್ಗದಲ್ಲಿ ಇವರು ಜೊತೆಗೆ ಓಡಿದ್ರೆ ಆಮೇಲೆ ಇಡೀ ದಿನ ಜಗಲಿಯಲ್ಲಿ ನಿದ್ದೆ. ಲ್ಯಾಬಿಗಿಂತ ಮನೆಯಲ್ಲಿ ಇದೇ ಶಾಂತ, ಇದು ಯಾರೂ ಹೇಳಿರ್ಲಿಲ್ಲ ನನಗೆ.

ಆದ್ರೆ ಸೆಪ್ಟೆಂಬರಲ್ಲಿ ಒಂದು ದಿನ. ಅತ್ತೆ ಅವಳ ಬೆಲ್ಟ್ ಕೈಗೆ ಸುತ್ತಿಕೊಂಡು ಅಂಗಳದಲ್ಲಿ ನಿಂತಿದ್ರು. ತೋಟದ ಅಂಚಲ್ಲಿ ನವಿಲು. ಚಿನ್ನಿ ಬೊಗಳ್ಲಿಲ್ಲ, ಮುಂದಿನ ಒಂದು ಕಾಲು ಎತ್ತಿ ಕಲ್ಲಿನ ಹಾಗೆ ನಿಂತಳು, ಕಿವಿ ಮಾತ್ರ ಹಿಂದಕ್ಕೆ ಹೋಯ್ತು, ನಾನು ಅಡುಗೆಮನೆ ಕಿಟಕಿಯಿಂದ ನೋಡಿ ಅತ್ತೇ ಬಿಡಿ ಬಿಡಿ ಅಂತ ಕೂಗುವುದರೊಳಗೆ ಕಾಂಪೌಂಡ್ ಹಾರಿ ಆಯ್ತು. ಅತ್ತೆ ಬೀಳ್ಲಿಲ್ಲ, ದೇವರ ದಯೆ, ಅಂಗೈಯ ಚರ್ಮ ಮಾತ್ರ ಉಜ್ಜಿ ಸುಲಿದು ಹೋಯ್ತು. ಕರೆದ್ರೆ ಬರುದು ಇಲ್ಲ, ಕಣ್ಣಿಗೆ ಓಡುವ ಜೀವ ಬಿದ್ರೆ ಕಿವಿ ಕೇಳುದಿಲ್ಲ ಅದಕ್ಕೆ, ಮುಕ್ಕಾಲು ಗಂಟೆ ಬಿಟ್ಟು ತಾನೇ ಬಂತು. ಅದರ ತಪ್ಪಲ್ಲ, ನೂರಾರು ವರ್ಷ ಮೊಲ ಹಿಡಿಯಲಿಕ್ಕೇ ಸಾಕಿದ್ದು. ಹೊರಗಿನವರು ಮುಟ್ಟುದೂ ಅದಕ್ಕೆ ಆಗುದಿಲ್ಲ, ಗ್ಯಾಸಿನವನು ಬರುವಾಗ ಕಟ್ಲೇಬೇಕು. ಇನ್ನೊಂದು, ಆಪರೇಷನ್ ಮಾಡಿಸುದಾದ್ರೆ ಇದು ಓಟದ ತಳಿ ಅಂತ ಡಾಕ್ಟ್ರಿಗೆ ಮೊದಲೇ ನೆನಪು ಮಾಡಿ, ಕೆಲವು ಅರಿವಳಿಕೆ ಮದ್ದು ಇಂಥ ಸಪೂರ ನಾಯಿಗಳ ಮೈಯಿಂದ ಬೇಗ ಇಳಿಯುದಿಲ್ಲ.

ನನ್ನ ಲೆಕ್ಕದಲ್ಲಿ ಉಡುಪಿ ಹವೆಗೆ ಮುಧೋಳಕ್ಕೆ ಐದಕ್ಕೆ ಐದು, ಲ್ಯಾಬಿಗೆ ಮೂರು. ಆದ್ರೆ ನಮ್ಮ ಮನೆಗೆ ಲೆಕ್ಕ ಹಾಕಿದ್ರೆ ಲ್ಯಾಬಿಗೆ ನಾಲ್ಕು, ಮುಧೋಳಕ್ಕೆ ಎರಡು. ಆರಡಿ ಬೇಲಿ ಇದ್ದು, ದಿನಾ ಬೆಳಿಗ್ಗೆ ಓಡಿಸುವ ಒಬ್ರು ಗಟ್ಟಿ ಆಳು ಇದ್ರೆ ಕಣ್ಣುಮುಚ್ಚಿ ಮುಧೋಳ ತನ್ನಿ, ಮುಧೋಳ ಊರಿನ ಹತ್ತಿರ ತಿಮ್ಮಾಪುರದಲ್ಲಿ ಪಶುವೈದ್ಯ ವಿಶ್ವವಿದ್ಯಾಲಯದ್ದೇ ಕೇಂದ್ರ ಉಂಟು, ಅಲ್ಲಿ ವಿಚಾರಿಸಿ. ಹಗಲು ವಯಸ್ಸಾದವರೇ ಇರುವ ಮನೆಗೆ ಬೇಡ. ಇವರಿಗೆ ಬೇಜಾರಾಗಿದೆ, ನನಗೂ.

ನಾವು ಲ್ಯಾಬ್ ಅಂತ ತೀರ್ಮಾನ ಮಾಡಿದ ಮೇಲೆ ಮೊದಲು ಹೋದ ಕಡೆ ತಿಂಗಳೂ ತುಂಬದ ಮರಿಯನ್ನು ಕೈಗೆ ಕೊಡ್ಲಿಕ್ಕೆ ಬಂದ್ರು, ತಾಯಿ ಎಲ್ಲಿ ಅಂದ್ರೆ ಊರಲ್ಲುಂಟು ಅಂದ್ರು. 2017ರ ನಿಯಮದ ಪ್ರಕಾರ ಎಂಟು ವಾರ ಆಗದೆ ಮರಿ ಮಾರುವ ಹಾಗೇ ಇಲ್ಲ, ಎದ್ದು ಬಂದೆವು. ಈಗ ಪಡುಬಿದ್ರಿ ಕಡೆ ಒಂದು ಮನೆಯಲ್ಲಿ ಮರಿ ಹಾಕಿದೆ, ತಾಯಿ ತಂದೆ ಎರಡನ್ನೂ ನೋಡಿ ಆಯ್ತು, ಅವುಗಳ ಸೊಂಟದ ಕೀಲು ಸರಿ ಉಂಟಾ ಅಂತ ನೋಡುವ ಎಕ್ಸ್‌ರೇ ಕೇಳುವ ಮೊದಲೇ ತೋರಿಸಿದ್ರು, ಮರಿಗೆ ಒಂಬತ್ತು ವಾರ ಆಗುವಾಗ ನವೆಂಬರ್, ಮಳೆಯೂ ಬಿಟ್ಟಿರ್ತದೆ. ಅತ್ತೆ ತುರಿಮಣೆ ಪಕ್ಕ ಗೋಣಿ ಹಾಸಿ ಇಟ್ಟಿದ್ದಾರೆ.