ಸರ್ವಿಸ್ ಬಿಲ್ಲಿನಲ್ಲಿ ಇಲ್ಲದ ಬ್ರೇಕ್ ಆಯಿಲ್: ಕಾರು ಇಟ್ಟುಕೊಂಡವರಿಗೆ ಒಂದು ಎಚ್ಚರಿಕೆ

ಮಳೆ ಹಿಡಿಯುವ ಮೊದಲೇ ಕೆಲಸ ಮುಗಿಯಲಿ ಎಂದು ಕಳೆದ ಮೇ ತಿಂಗಳಲ್ಲಿ, ಎರಡು ವರ್ಷ ತುಂಬಿದ ನನ್ನ ಪೆಟ್ರೋಲ್ ಕಾರನ್ನು ಉಡುಪಿಯ ಒಂದು ಅಧಿಕೃತ ಸರ್ವಿಸ್ ಕೇಂದ್ರಕ್ಕೆ ಒಯ್ದಿದ್ದೆ. ಮೀಟರು 19,400 ಕಿ.ಮೀ. ತೋರಿಸುತ್ತಿತ್ತು. ಅಲ್ಲಿನ ಸಲಹೆಗಾರ ಬಹಳ ವಿನಯದ ಹುಡುಗ. "ಸರ್, ನಮ್ಮದು ಕಡಲ ಬದಿ, ಉಪ್ಪುಗಾಳಿ. ಇದನ್ನೆಲ್ಲ ಈಗಲೇ ಮಾಡಿಸದಿದ್ದರೆ ಮುಂದೆ ವಾರಂಟಿಗೆ ತೊಂದರೆಯಾದೀತು" ಎಂದು ಹೇಳುತ್ತಲೇ ಜಾಬ್ ಕಾರ್ಡಿನಲ್ಲಿ, ಅಂದರೆ ಗಾಡಿಗೆ ಮಾಡಬೇಕಾದ ಕೆಲಸಗಳ ಪಟ್ಟಿಯಲ್ಲಿ, ಸಾಲು ಸಾಲಾಗಿ ಗುರುತು ಹಾಕಿದ. ನಾನು ಓದದೆ ಸಹಿ ಮಾಡಿದೆ.

ಬಿಲ್ಲು 11,860 ರೂಪಾಯಿ. ಅದರಲ್ಲಿ ಎಂಜಿನ್ ಫ್ಲಶ್ (ಎಂಜಿನ್ನಿನ ಒಳಗನ್ನು ತೊಳೆಯುವುದು), ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿಯ ಕ್ಲೀನಿಂಗ್, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್‌ಗಳ ಕ್ಲೀನಿಂಗ್, ಎಸಿಗೆ ಔಷಧ ಸಿಂಪಡಣೆ, ಅಡಿಭಾಗಕ್ಕೆ ತುಕ್ಕು ನಿರೋಧಕ ಲೇಪ, ಇವುಗಳದ್ದೇ 7,400 ರೂಪಾಯಿ. ಲೇಪದ ಬಗ್ಗೆ ನನಗೆ ತಕರಾರಿಲ್ಲ. ಮಲ್ಪೆಯ ಕಡೆಗೆ ದಿನವೂ ಓಡಾಡುವ ಗಾಡಿಗೆ ಅದು ಉಪಯೋಗಕ್ಕೆ ಬಂದೀತು. ಉಳಿದವುಗಳಲ್ಲಿ ಒಂದೂ ನನ್ನ ಕಾರಿನ ಕೈಪಿಡಿಯ ನಿರ್ವಹಣಾ ಪಟ್ಟಿಯಲ್ಲಿಲ್ಲ ಎಂಬುದು ಗೊತ್ತಾದದ್ದು ಐದು ತಿಂಗಳ ನಂತರ, ಅದೂ ಬೇರೆ ಕಾರಣಕ್ಕೆ.

ಅಕ್ಟೋಬರಿನಲ್ಲಿ ತೀರ್ಥಹಳ್ಳಿಯಿಂದ ಮನೆಮಂದಿಯೊಂದಿಗೆ ಮರಳುವಾಗ ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇಳಿದಿದ್ದೆವು. ಎದುರಿನಿಂದ ಬಸ್ಸು ಬಂತೆಂದು ಬ್ರೇಕ್ ಒತ್ತಿದರೆ ಪೆಡಲು ಸ್ಪಂಜಿನಂತೆ ಮೆತ್ತಗಾಗಿ ಕೆಳಗಿಳಿಯಿತು. ಮತ್ತೆ ಮತ್ತೆ ಒತ್ತಿ, ಗೇರು ಇಳಿಸಿ, ಹೇಗೋ ಬದಿಗೆ ನಿಲ್ಲಿಸಿದೆ. ಎರಡನೇ ಗೇರಿನಲ್ಲಿ ಇಳಿಯಬೇಕಾದ ಕಡೆ ಮೂರರಲ್ಲಿ ಇಳಿದು ಬ್ರೇಕನ್ನೇ ನೆಚ್ಚಿಕೊಂಡದ್ದು ನನ್ನ ತಪ್ಪು ಎಂಬುದನ್ನೂ ಇಲ್ಲಿ ಹೇಳಬೇಕು. ಅರ್ಧ ಗಂಟೆ ತಣಿದ ಮೇಲೆ ಪೆಡಲು ಮೊದಲಿನಂತಾಯಿತು.

ಮರುದಿನ ಹೆಬ್ರಿಯ ಗ್ಯಾರೇಜಿನವರು ಬ್ರೇಕ್ ಆಯಿಲ್‌ಗೆ ಪೆನ್ನಿನಂಥ ಮೀಟರು ಅದ್ದಿ, ಕೆಂಪು ದೀಪ ತೋರಿಸಿ, "ಇದರಲ್ಲಿ ನೀರು ಸೇರಿದೆ ಅಣ್ಣಾ, ಯಾವಾಗ ಬದಲಿಸಿದ್ದು?" ಎಂದು ಕೇಳಿದರು. ಪೆಡಲಿನ ಮೇಲೆ ನಾವು ಒತ್ತಿದ ಬಲವನ್ನು ಚಕ್ರದ ಬ್ರೇಕಿಗೆ ತಲುಪಿಸುವ ಈ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಬ್ರೇಕ್ ಆಯಿಲಿನ ದರ್ಜೆಗಳಲ್ಲೊಂದಾದ ಡಾಟ್ 3 ಹೊಸದಾಗಿದ್ದಾಗ ಅದರ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕು, ಶೇಕಡಾ 3.7ರಷ್ಟು ನೀರು ಸೇರಿದಾಗ ಆ ಮಿತಿ 140ಕ್ಕೆ ಇಳಿಯುತ್ತದೆ. ಘಾಟಿಯಲ್ಲಿ ಮತ್ತೆ ಮತ್ತೆ ಬ್ರೇಕ್ ಒತ್ತಿದ ಬಿಸಿಗೆ ದ್ರವ ಕುದಿದು ಕೊಳವೆಯಲ್ಲಿ ಆವಿಯ ಗುಳ್ಳೆ ಎದ್ದರೆ, ನಾವು ಒತ್ತಿದ ಬಲವೆಲ್ಲ ಆ ಗುಳ್ಳೆಯನ್ನು ಕುಗ್ಗಿಸುವುದಕ್ಕೇ ಹೋಗುತ್ತದೆ, ಚಕ್ರಕ್ಕೆ ತಲುಪುವುದಿಲ್ಲ.

ಮನೆಗೆ ಬಂದು ಕೈಪಿಡಿ ತೆರೆದೆ. ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಿಸಬೇಕೆಂದು ಅಚ್ಚಾಗಿತ್ತು. ಮೇ ತಿಂಗಳ ಬಿಲ್ಲಿನಲ್ಲಿ ಆ ಸಾಲೇ ಇರಲಿಲ್ಲ! ಲಾಭವಿರುವ ಐದು ಕೆಲಸಗಳನ್ನು ನೆನಪಿಟ್ಟವರು ನನಗೆ ನಿಜವಾಗಿ ಬೇಕಿದ್ದ ಒಂದನ್ನು ಮರೆತಿದ್ದರು.

ಆದ್ದರಿಂದ ಗಾಡಿಯನ್ನು ಸರ್ವಿಸಿಗೆ ಬಿಡುವ ಹಿಂದಿನ ರಾತ್ರಿಯೇ ಕೈಪಿಡಿಯ ಪಟ್ಟಿ ನೋಡಿ. ಅದರಲ್ಲಿ ಹೇಳಿದಷ್ಟು ಕಿ.ಮೀ. ಆಗದಿದ್ದರೂ ತಿಂಗಳ ಲೆಕ್ಕ ತುಂಬಿದರೆ ಕೆಲಸ ಮಾಡಿಸಲೇಬೇಕು. ಧೂಳು, ಸಣ್ಣ ಸಣ್ಣ ಓಡಾಟದಂಥ ಕಠಿಣ ಬಳಕೆಗೆ ಬೇರೆ ಪಟ್ಟಿ ಇರುವುದುಂಟು, ಅದನ್ನೂ ಓದಿ. ಪಟ್ಟಿಯಲ್ಲಿಲ್ಲದ್ದನ್ನು ಮಾಡಿಸದಿದ್ದರೆ ವಾರಂಟಿ ಹೋಗುತ್ತದೆ ಎಂದವರಿಂದ ಅದನ್ನೇ ಬರೆದು ಕೊಡುವಂತೆ ಕೇಳಿ. ನಾನು ಆಮೇಲೆ ಕೇಳಿದಾಗ ಯಾರೂ ಬರೆದು ಕೊಡಲಿಲ್ಲ.

ಕಂಪನಿಗೆ ದೂರು ಕೊಟ್ಟ ಮೇಲೆ ಬ್ರೇಕ್ ಆಯಿಲನ್ನು ಉಚಿತವಾಗಿ ಬದಲಿಸಿದರು. ಪಟ್ಟಿಯಲ್ಲಿಲ್ಲದ ಕೆಲಸಗಳಿಗೆ ಕೊಟ್ಟ ಹಣದ ಬಗ್ಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಕರೆ ಮಾಡಿ ದೂರು ದಾಖಲಿಸಿದ್ದೇನೆ. ಆದರೆ ಸರ್ವಿಸ್ ಕೇಂದ್ರದವರು ಪ್ರತಿ ಸಲವೂ ಮುಂದಿಡುವುದು ಅದೇ ಜಾಬ್ ಕಾರ್ಡನ್ನು, ಅದರ ಕೊನೆಯಲ್ಲಿರುವ ನನ್ನದೇ ಸಹಿಯನ್ನು.