ಗೂಗಲ್ ಸೈಟ್ಸ್‌ನಲ್ಲಿ ತರಗತಿಯ ವೆಬ್ ಪುಟ: ನಾಲ್ಕು ವರ್ಷ ಬಳಸಿದ ಮೇಲೆ

ನಾನು ಏಳನೇ ತರಗತಿಗೆ ವಿಜ್ಞಾನ ಪಾಠ ಮಾಡುತ್ತೇನೆ. ನಾಲ್ಕು ವರ್ಷದಿಂದ ನನ್ನ ತರಗತಿಯ ಪುಟ, ವೆಬ್ ಪುಟ ಕಟ್ಟಲು ಗೂಗಲ್ ಕೊಡುವ ಉಚಿತ ಸೇವೆಯಾದ ಗೂಗಲ್ ಸೈಟ್ಸ್‌ನಲ್ಲಿದೆ. ಅದಕ್ಕೂ ಮುಂಚೆ ಬೇರೊಂದು ಉಚಿತ ಸೇವೆ ಬಳಸುತ್ತಿದ್ದೆ. ಅಲ್ಲಿ ಪಾಠದ ಪಕ್ಕದಲ್ಲೇ ಜಾಹೀರಾತು ಬರುತ್ತಿತ್ತು. ಮಕ್ಕಳು ನೋಡುವ ಜಾಗದಲ್ಲಿ ಅದು ಬೇಡ ಅನ್ನಿಸಿ ಬಿಟ್ಟೆ. ಇಲ್ಲಿ ಆ ಕಾಟ ಇಲ್ಲ. ಗೂಗಲ್ ಸೈಟ್ಸ್ ಶುರುವಾಗಿದ್ದು 2008ರಲ್ಲಿ, 2016ರಲ್ಲಿ ಅದನ್ನು ಪೂರ್ತಿ ಹೊಸದಾಗಿ ಕಟ್ಟಿದರು. ನಾನು ಹೇಳುತ್ತಿರುವುದು ಈ ಹೊಸದರ ಬಗ್ಗೆ.

ಪುಟ ಮಾಡುವುದು ಸುಲಭ. ಕೋಡ್ ಬರೆಯುವ ಮಾತೇ ಇಲ್ಲ. ಗೂಗಲ್ ಡ್ರೈವ್‌ನಲ್ಲಿ (ಆನ್‌ಲೈನ್‌ನಲ್ಲಿ ಫೈಲ್ ಇಡುವ ಜಾಗ) ಇರುವ ನೋಟ್ಸ್, ಸ್ಲೈಡ್, ಫಾರ್ಮ್, ಯೂಟ್ಯೂಬ್ ವಿಡಿಯೊ ಎಲ್ಲವನ್ನೂ ಪುಟದೊಳಗೇ ಕೂರಿಸಬಹುದು. ಒಂದೇ ಮಧ್ಯಾಹ್ನದಲ್ಲಿ ನನ್ನ ಪುಟ ತಯಾರಾಯಿತು. ಮೇಲೆ ದೊಡ್ಡ ಚಿತ್ರ, ಅದರ ಕೆಳಗೆ ಸ್ವಾಗತದ ನಾಲ್ಕು ಸಾಲು, ಮೆನುವಿನಲ್ಲಿ ‘ಸಂಪನ್ಮೂಲಗಳು’, ‘ಪ್ರಕಟಣೆಗಳು’, ‘ಚಟುವಟಿಕೆಗಳು’. ನೋಡಿದವರೆಲ್ಲ ಚೆನ್ನಾಗಿದೆ ಅಂದರು.

ಮೊದಲ ವರ್ಷ ಪೋಷಕರ ಸಭೆ ಮುಗಿದ ಮೇಲೆ ಒಬ್ಬ ಹುಡುಗನ ತಾಯಿ ಬಂದು ಪರೀಕ್ಷೆ ಯಾವತ್ತು ಅಂತ ಕೇಳಿದರು. ‘ಪುಟದಲ್ಲೇ ಇದೆ, ನೋಡಿ’ ಅಂದೆ. ಅವರು ನನ್ನ ಪಕ್ಕದಲ್ಲೇ ಕೂತು ಫೋನ್ ತೆಗೆದರು. ಪರದೆ ತುಂಬ ಆ ದೊಡ್ಡ ಚಿತ್ರ. ಹೆಬ್ಬೆರಳಿನಿಂದ ಮೇಲೆ ತಳ್ಳಿದರು, ಸ್ವಾಗತದ ಮಾತು ಬಂತು. ಇನ್ನೂ ತಳ್ಳಿದರು, ನನ್ನ ಪರಿಚಯ ಬಂತು. ಮೆನು ಒತ್ತಿ ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ ‘ಮಿಸ್, ಸಂಪನ್ಮೂಲ ಅಂದ್ರೆ ಇದರೊಳಗೆ ಏನಿರುತ್ತೆ?’ ಅಂತ ಕೇಳಿದರು. ತಾರೀಖು ಇದ್ದದ್ದು ‘ಪ್ರಕಟಣೆಗಳು’ ಒಳಗಿನ ಒಂದು ಪಿಡಿಎಫ್‌ನಲ್ಲಿ. ಅದೂ ಸ್ಕ್ಯಾನ್ ಮಾಡಿದ್ದು. ಅಕ್ಷರ ಕಾಣಲು ಅವರು ಎರಡು ಬೆರಳಿಟ್ಟು ದೊಡ್ಡದು ಮಾಡಿಕೊಳ್ಳಬೇಕಾಯಿತು.

ಅವತ್ತು ರಾತ್ರಿಯೇ ಮೆನು ಬದಲಾಯಿಸಿದೆ. ‘ಈ ವಾರ’, ‘ಹೋಮ್‌ವರ್ಕ್’, ‘ಪರೀಕ್ಷೆ ತಾರೀಖು’, ‘ನೋಟ್ಸ್’. ಇಷ್ಟೇ. ದೊಡ್ಡ ಚಿತ್ರ ತೆಗೆದೆ. ಫೋನಿನಲ್ಲಿ ತೆರೆದ ತಕ್ಷಣ ಈ ವಾರದ ಕೆಲಸ ಕಾಣಬೇಕು, ಬಾಕಿ ಎಲ್ಲ ಅದರ ಕೆಳಗೆ. ತಾರೀಖುಗಳನ್ನು ಗೂಗಲ್ ಕ್ಯಾಲೆಂಡರ್‌ನಲ್ಲಿ ಹಾಕಿ, ಆ ಕ್ಯಾಲೆಂಡರನ್ನೇ ಪುಟದಲ್ಲಿ ಕೂರಿಸಿದೆ. ಈಗ ಒಂದು ಕಡೆ ತಿದ್ದಿದರೆ ಸಾಕು, ಪುಟದಲ್ಲೂ ತಾನಾಗಿ ಬದಲಾಗುತ್ತದೆ. ಇಡೀ ಸೇವೆಯಲ್ಲಿ ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಇದೇ.

ಆಮೇಲಿಂದ ಶಾಲೆಯ ಪ್ರತಿ ಟರ್ಮ್ ಶುರುವಿನಲ್ಲಿ ನಾಲ್ಕೈದು ಜನರನ್ನು ಕೂರಿಸಿ ಪುಟ ತೋರಿಸುತ್ತೇನೆ. ಇಬ್ಬರು ಮೂವರು ಮಕ್ಕಳು, ಇಬ್ಬರು ಪೋಷಕರು. ‘ಹೇಗಿದೆ?’ ಅಂತ ಕೇಳುವುದಿಲ್ಲ. ಕೇಳಿದರೆ ಚೆನ್ನಾಗಿದೆ ಅಂತಲೇ ಹೇಳುತ್ತಾರೆ, ಅಲ್ವಾ? ‘ನಿನ್ನೆ ನೀನು ಬಂದಿರಲಿಲ್ಲ. ಏನು ಬರೆದುಕೊಳ್ಳಬೇಕು, ಹುಡುಕು’ ಅನ್ನುತ್ತೇನೆ. ಬಾಯಿ ಮುಚ್ಚಿಕೊಂಡು ಬೆರಳು ಎಲ್ಲಿ ನಿಲ್ಲುತ್ತದೆ ನೋಡುತ್ತೇನೆ. ಸಹಾಯ ಮಾಡದೆ ಕೂರುವುದು ಕಷ್ಟ, ಆದರೆ ಬೆರಳು ತಡವರಿಸಿದ ಕಡೆಯೇ ತಿದ್ದಬೇಕಾದ ಜಾಗ. ಐದು ಜನ ಸಾಕು ಅಂತ ವೆಬ್ ವಿನ್ಯಾಸದ ತಜ್ಞ ಜೇಕಬ್ ನೀಲ್ಸನ್ 2000ದಲ್ಲೇ ಬರೆದಿದ್ದರು. ನನ್ನ ಅನುಭವದಲ್ಲಿ ಮೂರನೆಯವರು ಬರುವಷ್ಟರಲ್ಲೇ ದೊಡ್ಡ ತೊಂದರೆಗಳು ಗೊತ್ತಾಗಿರುತ್ತವೆ.

ನಾನು ಮಾಡಿದ ಇನ್ನೊಂದು ತಪ್ಪು ಹಲವರು ಮಾಡುತ್ತಾರೆ ಅನ್ನಿಸುತ್ತೆ. ಡ್ರೈವ್‌ನ ಫೈಲನ್ನು ಪುಟಕ್ಕೆ ಹಾಕಿದರೆ ನಮಗೆ ಕಾಣುತ್ತದೆ, ಯಾಕಂದರೆ ನಾವು ಲಾಗಿನ್ ಆಗಿರುತ್ತೇವೆ. ಆ ಫೈಲನ್ನು ಬೇರೆಯಾಗಿ ಶೇರ್ ಮಾಡದಿದ್ದರೆ ಮಕ್ಕಳಿಗೆ ತೆರೆಯುವುದಿಲ್ಲ. ಒಂದು ಸಲ ಪರೀಕ್ಷೆಯ ಹಿಂದಿನ ರಾತ್ರಿ ಯಾರಿಗೂ ನೋಟ್ಸ್ ಸಿಗಲಿಲ್ಲ. ಈಗ ಏನೇ ಹಾಕಿದರೂ ಬ್ರೌಸರ್‌ನ ಇನ್‌ಕಾಗ್ನಿಟೊ ಕಿಟಕಿಯಲ್ಲಿ, ಅಂದರೆ ನನ್ನ ಲಾಗಿನ್ ಇಲ್ಲದ ಕಿಟಕಿಯಲ್ಲಿ, ಒಂದು ಸಲ ತೆರೆದು ನೋಡುತ್ತೇನೆ. ಪಬ್ಲಿಶ್ ಒತ್ತುವವರೆಗೆ ತಿದ್ದಿದ್ದು ಹೊರಗೆ ಕಾಣುವುದಿಲ್ಲ, ಅದನ್ನೂ ಅಲ್ಲೇ ಖಾತ್ರಿ ಮಾಡಿಕೊಳ್ಳಬಹುದು. ಹಾಗೆಯೇ, ಮೆನುವಿನಿಂದ ಮರೆಮಾಡಿದ ಪುಟ ಗುಟ್ಟಾಗಿರುತ್ತದೆ ಅಂತ ನಂಬಬೇಡಿ. ಪಬ್ಲಿಶ್ ಆಗಿದ್ದರೆ, ಪುಟ ನೋಡಲು ಅನುಮತಿ ಇರುವವರು ಲಿಂಕ್ ಸಿಕ್ಕರೆ ತೆರೆಯಬಹುದು. ಉತ್ತರ ಪತ್ರಿಕೆ ಅಲ್ಲಿಡುವ ಹಾಗಿಲ್ಲ.

ಎರಡನೇ ವರ್ಷ ದೃಷ್ಟಿ ಕಮ್ಮಿ ಇರುವ ಒಬ್ಬ ಹುಡುಗಿ ತರಗತಿಗೆ ಬಂದಳು. ಅವಳು ಪರದೆ ಓದಿ ಹೇಳುವ ತಂತ್ರಾಂಶ ಬಳಸುತ್ತಿದ್ದಳು. ಒಂದು ದಿನ ಇಯರ್‌ಫೋನ್ ತೆಗೆದು ನನಗೂ ಕೇಳಿಸಿದಳು. ಎಲೆಯ ಅಡ್ಡಕೊಯ್ತದ ಚಿತ್ರ ಬಂದ ಕಡೆ ಅದು ಬರೀ ‘ಇಮೇಜ್’ ಅಂದು ಮುಂದೆ ಹೋಯಿತು. ಸ್ಕ್ಯಾನ್ ಮಾಡಿದ ಹಾಳೆಯಲ್ಲಿ ಒಂದು ಪದವನ್ನೂ ಓದಲಿಲ್ಲ. ಇಷ್ಟು ದಿನ ಅವಳಿಗೆ ನನ್ನ ಪುಟ ಅರ್ಧ ಖಾಲಿಯೇ ಇತ್ತು. ನನಗೆ ತುಂಬಾ ಬೇಜಾರಾಯಿತು. ಆ ವಾರಾಂತ್ಯ ಕೂತು ಪ್ರತಿ ಚಿತ್ರಕ್ಕೂ ಆಲ್ಟ್ ಟೆಕ್ಸ್ಟ್, ಅಂದರೆ ಆ ತಂತ್ರಾಂಶ ಓದಿ ಹೇಳುವ ಚಿತ್ರದ ವಿವರಣೆ, ಬರೆದೆ. ‘ಎಲೆ’ ಅಂತಷ್ಟೇ ಬರೆದರೆ ಸಾಲದು, ‘ಎಲೆಯ ಕೆಳಪದರದಲ್ಲಿ ಪತ್ರರಂಧ್ರಗಳು, ಎರಡೂ ಕಡೆ ಕಾವಲು ಜೀವಕೋಶಗಳು’ ಅಂತ ಚಿತ್ರ ಏನು ಹೇಳುತ್ತದೋ ಅದನ್ನು ಬರೆಯಬೇಕು. ಸ್ಕ್ಯಾನ್ ಹಾಳೆಗಳನ್ನು ಟೈಪ್ ಮಾಡಿದೆ. ತಲೆಬರಹಗಳನ್ನು ಸುಮ್ನೆ ದಪ್ಪ ಅಕ್ಷರ ಮಾಡುವ ಬದಲು ಹೆಡಿಂಗ್ ಅಂತಲೇ ಗುರುತಿಸಿದೆ. ಆ ತಂತ್ರಾಂಶದಲ್ಲಿ ಒಂದು ಹೆಡಿಂಗ್‌ನಿಂದ ಇನ್ನೊಂದಕ್ಕೆ ಹಾರಬಹುದು, ಇಡೀ ಪುಟ ಕೇಳುವ ಕಷ್ಟ ತಪ್ಪುತ್ತದೆ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನ ವ್ಯತ್ಯಾಸ ಕನಿಷ್ಠ 4.5:1 ಇರಬೇಕು ಅನ್ನುತ್ತದೆ ಡಬ್ಲ್ಯುಸಿಎಜಿ, ಅಂದರೆ ವೆಬ್ ಪುಟ ಎಲ್ಲರಿಗೂ ಬಳಸಲು ಬರುವಂತೆ ಮಾಡುವ ಅಂತರರಾಷ್ಟ್ರೀಯ ಮಾನದಂಡ. ನನ್ನ ಬಿಳಿ ಮೇಲಿನ ಹಳದಿ ಅಕ್ಷರ ಅದರ ಹತ್ತಿರಕ್ಕೂ ಬರುತ್ತಿರಲಿಲ್ಲ. ಪುಟದ ಆಲ್ಟ್ ಟೆಕ್ಸ್ಟ್, ಹೆಡಿಂಗ್, ಬಣ್ಣ ಇವನ್ನು ವೆಬ್‌ಏಮ್ ಎಂಬ ಸಂಸ್ಥೆಯ ವೇವ್ ಎಂಬ ಉಚಿತ ಸಾಧನದಲ್ಲಿ ಪರೀಕ್ಷಿಸಬಹುದು. ಆದರೆ ಆಲ್ಟ್ ಟೆಕ್ಸ್ಟ್ ಇದೆಯೋ ಇಲ್ಲವೋ ಅಂತ ಅದು ಹೇಳುತ್ತದೆ, ಅರ್ಥವಾಗುತ್ತೋ ಇಲ್ಲವೋ ಅಂತ ಮನುಷ್ಯರೇ ನೋಡಬೇಕು.

ಮಿತಿಗಳೂ ಇವೆ. ಪುಟದ ಕೆಳಗೆ ಕಾಮೆಂಟ್ ಹಾಕುವ ಸೌಲಭ್ಯ ಇಲ್ಲ, ಪ್ರಶ್ನೆ ಕೇಳಲು ಫಾರ್ಮ್ ಕೂರಿಸಬೇಕು. ಪುಟದ ರೂಪವನ್ನು ಮನಸ್ಸಿಗೆ ಬಂದ ಹಾಗೆ ಬದಲಾಯಿಸಲು ಆಗುವುದಿಲ್ಲ. ನನಗೆ ಅದು ಕೊರತೆ ಅನ್ನಿಸಿಲ್ಲ. ಅಲಂಕಾರಕ್ಕೆ ಹೋಗುತ್ತಿದ್ದ ಸಮಯ ಪಾಠಕ್ಕೆ ಸಿಕ್ಕಿದೆ. ಹೋಮ್‌ವರ್ಕ್ ಒಪ್ಪಿಸಿಕೊಂಡು ಅಂಕ ಕೊಡುವುದು ನಿಮ್ಮ ಮುಖ್ಯ ಅಗತ್ಯವಾದರೆ ಗೂಗಲ್ ಕ್ಲಾಸ್‌ರೂಮ್ ನೋಡಿ, ಇದು ಆ ಕೆಲಸಕ್ಕಲ್ಲ.

ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತೇನೆ. ಈ ರಜೆಯಲ್ಲಿ ಸೈಟಿನ ಪ್ರತಿ ಮಾಡಿಕೊಂಡು ಹೊಸ ವರ್ಷಕ್ಕೆ ತಯಾರಿ ಮಾಡುತ್ತಿದ್ದೇನೆ. ಮೊದಲ ಕೆಲಸ, ಹಳೇ ತಾರೀಖುಗಳನ್ನೆಲ್ಲ ಅಳಿಸುವುದು.